ಮೂಳೆ ಸುಟ್ಟುಹೋಯಿತು, ಫೋಟೋ ಉಳಿಯಿತು

ನಮ್ಮ ಗ್ರೂಪ್‌ನಲ್ಲಿ ನಿನ್ನೆ ಯಾರೋ ಟ್ಯಾಮೆರಿರ್ಯಾಪ್ಟರ್ ಅನ್ನುವ ಡೈನೋಸಾರ್ ಸುದ್ದಿ ಹಾಕಿದ್ದರು. ಕೆಳಗೆ ಒಬ್ಬರು, "ಮೂಳೆನೇ ಇಲ್ವಂತೆ, ಫೋಟೋ ನೋಡಿ ಹೊಸ ಡೈನೋಸಾರ್ ಅಂತಾರಂತೆ" ಎಂದು ನಕ್ಕಿದ್ದರು. ಪಳೆಯುಳಿಕೆ ಅಂದರೆ ನನಗೆ ಎಷ್ಟು ಪ್ರಾಣ ಅಂತ ನಿಮಗೆ ಗೊತ್ತಲ್ಲ. ಆ ನಗು ನೋಡಿ ರಾತ್ರಿ ನಿದ್ದೆ ಬರಲಿಲ್ಲ.

ಮೂಳೆ ಯಾಕಿಲ್ಲ ಅಂತ ಅವರು ಕೇಳಲೇ ಇಲ್ಲ.

1914ರಲ್ಲಿ ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ ರಿಚರ್ಡ್ ಮಾರ್ಕ್‌ಗ್ರಾಫ್ ಈ ಡೈನೋಸಾರ್ ಮೂಳೆಗಳನ್ನು ಅಗೆದು ತೆಗೆದರು. ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಸ್ಟ್ರೋಮರ್ ಅವರಿಗಾಗಿ ಮರಳುಗಾಡಿನಲ್ಲಿ ದುಡಿದವರು ಅವರು. 1916ರಲ್ಲೇ ತೀರಿಕೊಂಡರು. ಯುದ್ಧದ ಗಲಾಟೆಯಲ್ಲಿ ಮೂಳೆಗಳು ಮ್ಯೂನಿಕ್ ತಲುಪಿದ್ದೇ 1922ರಲ್ಲಿ. ಸ್ಟ್ರೋಮರ್ 1931ರಲ್ಲಿ ಅವುಗಳ ವಿವರ ಬರೆದು, ಕಾರ್ಕರೊಡಾಂಟೊಸಾರಸ್ ಅನ್ನುವ ಮಾಂಸಾಹಾರಿ ಡೈನೋಸಾರ್ ಎಂದು ಗುರುತಿಸಿದರು.

ಆಮೇಲೆ ಎರಡನೇ ಮಹಾಯುದ್ಧ. ಬಾಂಬ್ ಬೀಳುತ್ತದೆ, ಮೂಳೆಗಳನ್ನು ಬೇರೆ ಕಡೆ ಸಾಗಿಸಿ ಅಂತ ಸ್ಟ್ರೋಮರ್ ಬೇಡಿಕೊಂಡರು. ಮ್ಯೂಸಿಯಂ ನಡೆಸುತ್ತಿದ್ದ ನಾಜಿ ಅಧಿಕಾರಿ ಒಪ್ಪಲಿಲ್ಲ. 1944ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಬಾಂಬ್ ಬಿತ್ತು, ಎಲ್ಲ ಬೂದಿಯಾಯಿತು. ಸ್ಟ್ರೋಮರ್ ಹೆಸರಿಟ್ಟಿದ್ದ ಇನ್ನೊಂದು ಡೈನೋಸಾರ್, ಸ್ಪೈನೋಸಾರಸ್, ಅದರ ಮೊದಲ ಮೂಳೆಗಳೂ ಇದರ ಜೊತೆ ಹೋದವು. ಆ ಅಧಿಕಾರಿ ಒಂದು ಸಲ 'ಸರಿ' ಅಂದಿದ್ದರೆ ಸಾಕಿತ್ತು. ನನಗೆ ಬಾಂಬಿಗಿಂತ ಜಾಸ್ತಿ ಕೋಪ ಆ 'ಬೇಡ' ಅನ್ನೋದರ ಮೇಲೆ.

ಯುದ್ಧದಲ್ಲಿ ಜನ ಸಾಯುತ್ತಿರುವಾಗ ಮೂಳೆ ಯಾರಿಗೆ ಬೇಕು ಅಂತ ಕೇಳುತ್ತೀರಿ, ಗೊತ್ತು. ಸ್ಟ್ರೋಮರ್ ತಮ್ಮ ಇಬ್ಬರು ಗಂಡುಮಕ್ಕಳನ್ನು ಅದೇ ಯುದ್ಧದಲ್ಲಿ ಕಳೆದುಕೊಂಡವರು. ಜೀವದ ಬೆಲೆ ಅವರಿಗೆ ನಾವು ಹೇಳಿಕೊಡಬೇಕಾ? ಮೂಳೆ ಸಾಗಿಸಿದ್ದರೆ ಯಾರ ಜೀವವೂ ಹೋಗುತ್ತಿರಲಿಲ್ಲ.

ಈಗ ಸಂತೋಷದ ವಿಷಯಕ್ಕೆ ಬರುತ್ತೇನೆ. ಮ್ಯಾಕ್ಸಿಮಿಲಿಯನ್ ಕೆಲರ್‌ಮನ್ ಅನ್ನುವ ಯುವ ಸಂಶೋಧಕರಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಹಳೇ ಸಂಗ್ರಹದಲ್ಲಿ ಈ ಮೂಳೆಗಳ ಫೋಟೋಗಳು ಸಿಕ್ಕವು, 1944ಕ್ಕಿಂತ ಮುಂಚಿನವು. ನೋಡಿದರೆ, ಮೊರಾಕ್ಕೊದ ಕಾರ್ಕರೊಡಾಂಟೊಸಾರಸ್ ತಲೆಬುರುಡೆಗೂ ಇದಕ್ಕೂ ಹೊಂದಿಕೆಯೇ ಇಲ್ಲ! ಮೂಗಿನ ಮೇಲೆ ಕೊಂಬಿನಂಥ ಉಬ್ಬು, ಮಿದುಳಿನ ಮುಂಭಾಗ ದೊಡ್ಡದು, ಹಲ್ಲಿನ ಆಕಾರವೂ ಬೇರೆ. ಸುಮಾರು 10 ಮೀಟರ್ ಉದ್ದದ, 9.5 ಕೋಟಿ ವರ್ಷ ಹಿಂದಿನ ಬೇರೆಯೇ ಬೇಟೆಗಾರ. 2025ರ ಜನವರಿಯಲ್ಲಿ ಟ್ಯಾಮೆರಿರ್ಯಾಪ್ಟರ್ ಮಾರ್ಕ್‌ಗ್ರಾಫಿ ಅಂತ ಹೆಸರಾಯಿತು. ಅಗೆದು ತೆಗೆದ ಮಾರ್ಕ್‌ಗ್ರಾಫ್ ಹೆಸರು, ಅವರು ಹೋಗಿ ನೂರು ವರ್ಷ ದಾಟಿದ ಮೇಲೆ! ಓದಿ ನನಗೆ ಕಣ್ಣು ತುಂಬಿತು.

ಫೋಟೋ ಸಾಕಾ ಅಂತ ನಗುವವರಿಗೆ ನನ್ನ ಉತ್ತರ ಇಷ್ಟೇ. ಫೋಟೋ ಜೊತೆ ಸ್ಟ್ರೋಮರ್ ಬರೆದ ವಿವರವೂ ಇದೆ, ಚಿತ್ರಗಳೂ ಇವೆ. ಯಾರು ಬೇಕಾದರೂ ಹೋಲಿಸಿ ನೋಡಬಹುದು. ಮೂಳೆ ಇದ್ದಿದ್ದರೆ ಇನ್ನೂ ಎಷ್ಟೋ ತಿಳಿಯುತ್ತಿತ್ತು, ನಿಜ. ಅದಕ್ಕೇ ನನ್ನ ಸಂಕಟ.

ಇದು ಬರೀ ಜರ್ಮನಿಯ ಕಥೆಯೂ ಅಲ್ಲ. ಟ್ಯೂಬಿಂಗನ್ನಿನಲ್ಲಿ ಆ ಫೋಟೋಗಳು ಸಿಕ್ಕಿದ್ದು ಪಳೆಯುಳಿಕೆ ವಿಜ್ಞಾನಿ ಫ್ರೀಡ್ರಿಚ್ ಫಾನ್ ಹ್ಯೂನ ಅವರ ಸಂಗ್ರಹದಲ್ಲಿ. ಜಬಲ್ಪುರದ ಮಾಂಸಾಹಾರಿ ಡೈನೋಸಾರ್ ಇಂಡೋಸೂಕಸ್‌ಗೆ 1933ರಲ್ಲಿ ಚಾರ್ಲ್ಸ್ ಮ್ಯಾಟ್ಲಿ ಜೊತೆ ಹೆಸರಿಟ್ಟವರೂ ಇವರೇ. ಅದೇ ಜಬಲ್ಪುರದಲ್ಲಿ ಸಿಕ್ಕ ಇನ್ನೊಂದು ಡೈನೋಸಾರ್ ಲಮೆಟಾಸಾರಸ್‌ನ ಮೂಲ ಮೂಳೆಗಳು ಇವತ್ತು ಇಲ್ಲ, ಕಳೆದುಹೋಗಿವೆ. ನಮ್ಮಲ್ಲಿ ಬಾಂಬೂ ಬಿದ್ದಿರಲಿಲ್ಲ.

ನಾನು ಓದಿದ ಕಾಲೇಜಿನಲ್ಲೂ ಕಂಪ್ಯೂಟರ್ ಲ್ಯಾಬಿಗೆ ಜಾಗ ಬೇಕು ಅಂತ ಪಳೆಯುಳಿಕೆ ಬೀರು ಖಾಲಿ ಮಾಡಿಸಿದರು. ಚೀಟಿ ಹರಿದಿದ್ದ ಕಲ್ಲುಗಳನ್ನೆಲ್ಲ ಹಿತ್ತಲಿಗೆ ಸುರಿದರು. ಆಗ ಜಗಳ ಆಡಿದೆ, ಯಾರೂ ಕೇಳಲಿಲ್ಲ.

ಭೂವಿಜ್ಞಾನ ಪಾಠ ಮಾಡುವ ಗೆಳೆಯರೇ, ನಿಮ್ಮ ವಿಭಾಗದ ಬೀರುವನ್ನು ಈ ವಾರವೇ ತೆಗೆಯಿರಿ. ಒಂದೊಂದಕ್ಕೂ ಫೋಟೋ ತೆಗೆದು, ಯಾವ ಊರಲ್ಲಿ ಸಿಕ್ಕಿತು ಅಂತ ಬರೆದು, ಎರಡು ಕಡೆ ಇಡಿ. ಬೀರು ಖಾಲಿ ಮಾಡಿ ಅಂತ ಮೇಲಿನವರು ಹೇಳಿದರೆ ನನಗೆ ಫೋನ್ ಮಾಡಿ. ಗಾಡಿ ತಗೊಂಡು ನಾನೇ ಬರುತ್ತೇನೆ.