ಬೆಕ್ಕಿನ ಶುಗರ್, ಅಪ್ಪನ ಶುಗರ್

ಕೆನಡಾದ ಮಿಸ್ಸಿಸಾಗಾದಲ್ಲಿ ನಾವಿರುವ ಬೀದಿಯ ಒಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕಿದೆ. ಹಾಸನದ ನಮ್ಮ ಮನೆಯಲ್ಲಿ ಅದೇ ಕಾಯಿಲೆಯ ಅಪ್ಪ ಇದ್ದಾರೆ. ಎರಡೂ ಮನೆಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಇನ್ಸುಲಿನ್ ಚುಚ್ಚುಮದ್ದು ನಡೆಯುತ್ತದೆ. ಎರಡೂ ಕಡೆಯ ಆರೈಕೆಯನ್ನು ಕೆಲವು ವರ್ಷಗಳಿಂದ ನೋಡುತ್ತ ಬಂದಿರುವ ನನಗೆ, ಬೆಕ್ಕಿನ ಸಕ್ಕರೆ ಹತೋಟಿಯಲ್ಲಿದ್ದು ಅಪ್ಪನದು ಏರಿಳಿಯುತ್ತಿರುವುದಕ್ಕೆ ಕಾರಣ ಇಲ್ಲಿನ ಔಷಧಿಯಾಗಲಿ ಹಣವಾಗಲಿ ಅಲ್ಲ ಎನಿಸಿದೆ. ಕಾಯಿಲೆ ಬಂತೆಂದು ಬೆಕ್ಕನ್ನು ಯಾರೂ ಬೈಯುವುದಿಲ್ಲ. ಅಪ್ಪನನ್ನು ಎಲ್ಲರೂ ಬೈಯುತ್ತಾರೆ.

ಮನುಷ್ಯರನ್ನೂ ಸಾಕುಪ್ರಾಣಿಗಳನ್ನೂ ಹೀಗೆ ಒಂದೇ ಸಾಲಿನಲ್ಲಿ ಕೂರಿಸುವುದು ಕೆಲವರಿಗೆ ಸರಿ ಕಾಣಲಾರದು. ಆದರೆ ಈ ಕಾಯಿಲೆಯ ಚರಿತ್ರೆಯಲ್ಲಿ ಮನುಷ್ಯ ಮತ್ತು ನಾಯಿಯ ಕಥೆಗಳು ಮೊದಲಿನಿಂದಲೂ ಬೆಸೆದುಕೊಂಡಿವೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದುದರಿಂದಲೇ ಕಾಯಿಲೆಯ ಮೂಲ ಎಲ್ಲಿದೆಯೆಂದು ತಿಳಿಯಿತು. ಇಲ್ಲಿನ ನಮ್ಮ ಮನೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರ ಬೇಸಿಗೆಯಲ್ಲಿ ಫ್ರೆಡೆರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಯೋಗ ನಡೆಸಿದ್ದು ನಾಯಿಗಳ ಮೇಲೆ. ಅವುಗಳಲ್ಲಿ ಮಾರ್ಜರಿ ಎಂಬ ನಾಯಿ ಆ ಗ್ರಂಥಿಯ ಸಾರದ, ಅಂದರೆ ಇನ್ಸುಲಿನ್ನಿನ, ಬಲದಿಂದಲೇ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಸಾಕಷ್ಟು ಶುದ್ಧವಾಗಿರದೆ ಫಲಿಸಲಿಲ್ಲ. ಅದೇ ತಂಡದ ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಶುದ್ಧಗೊಳಿಸಿ ಕೊಟ್ಟದ್ದು ಅದೇ ತಿಂಗಳಲ್ಲಿ ಅವನನ್ನು ಉಳಿಸಿತು. ನಾವು ಮಕ್ಕಳ ದಿನವೆಂದು ಆಚರಿಸುವ ನವೆಂಬರ್ 14 ಬ್ಯಾಂಟಿಂಗ್ ಹುಟ್ಟಿದ ದಿನವೂ ಹೌದು, ಜಗತ್ತಿಗೆಲ್ಲ ಅದು ಮಧುಮೇಹ ದಿನ. ಆಮೇಲೆ ಹಲವು ದಶಕಗಳ ಕಾಲ ಮನುಷ್ಯರು ಬದುಕಿದ್ದು ದನ ಮತ್ತು ಹಂದಿಯ ಇನ್ಸುಲಿನ್ ಚುಚ್ಚಿಸಿಕೊಂಡು. ಹಂದಿಯ ಇನ್ಸುಲಿನ್ನಿಗೂ ನಾಯಿಯ ಇನ್ಸುಲಿನ್ನಿಗೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲದಿರುವುದರಿಂದ, ನಾಯಿಗಳಿಗೆಂದು ಇಂದಿಗೂ ಹಂದಿಯ ಇನ್ಸುಲಿನ್ ತಯಾರಾಗುತ್ತದೆ.

ಕಾಯಿಲೆಯ ಬಗೆ ಮಾತ್ರ ಬೇರೆ ಬೇರೆ. ನಾಯಿಗೆ ಬರುವುದು ಹೆಚ್ಚಾಗಿ ಮಕ್ಕಳಿಗೆ ಬರುವ ಟೈಪ್ ಒಂದರಂತೆ. ಇನ್ಸುಲಿನ್ ಉತ್ಪತ್ತಿಯೇ ಕುಂದಿಹೋಗಿ, ಬದುಕಿರುವವರೆಗೂ ಚುಚ್ಚುಮದ್ದು ಬೇಕಾಗುತ್ತದೆ, ಮತ್ತು ಬಹುಪಾಲು ನಾಯಿಗಳಿಗೆ ಕಣ್ಣಿನ ಪೊರೆ ಬೇಗನೆ ಕವಿಯುತ್ತದೆ. ಬೆಕ್ಕಿನದು ನಮ್ಮ ನಡುವಯಸ್ಸಿನವರ ಕಾಯಿಲೆಯನ್ನೇ ಹೋಲುತ್ತದೆ: ಮನೆಯಿಂದ ಹೊರಬೀಳದ, ಮೈ ತುಂಬಿದ, ವಯಸ್ಸಾದ ಗಂಡು ಬೆಕ್ಕುಗಳಿಗೆ ಅದು ಹೆಚ್ಚು. ನೀರು ಕುಡಿಯುವುದು, ಮೂತ್ರ ಮಾಡುವುದು ಹೆಚ್ಚಾಗಿ, ತಿಂದರೂ ಮೈ ಇಳಿದು, ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯತೊಡಗುತ್ತವೆ. ಬೇಗನೆ ಇನ್ಸುಲಿನ್ ಆರಂಭಿಸಿ, ಪಿಷ್ಟ ಕಡಿಮೆಯಿರುವ ಆಹಾರಕ್ಕೆ ಬದಲಾಯಿಸಿದರೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವಾಗುವ ಬೆಕ್ಕುಗಳೂ ಇವೆ. ಮನುಷ್ಯರಿಗೆ ಕೊಡುವ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಗ್ಲಿಫ್ಲೋಜಿನ್ ಗುಂಪಿನ ಔಷಧಿಗಳಲ್ಲಿ ಒಂದಕ್ಕೆ 2022ರ ಕೊನೆಯಲ್ಲಿ ಅಮೆರಿಕದಲ್ಲಿ ಬೆಕ್ಕುಗಳಿಗಾಗಿ ಒಪ್ಪಿಗೆ ದೊರೆತಿದೆ.

ಈಗ ಆ ಮನೆಯ ದಿನಚರಿಯನ್ನು ನೋಡಿ. ಬೆಕ್ಕಿನ ಯಜಮಾನರು ನಿವೃತ್ತ ದಂಪತಿ. ಚುಚ್ಚುಮದ್ದಿನ ನಡುವೆ ಹನ್ನೆರಡು ಗಂಟೆ ಅಂತರವಿರಬೇಕೆಂದು ವೈದ್ಯರು ಹೇಳಿದ್ದರಿಂದ ಅವರ ಊಟ, ನೆಂಟರ ಮನೆಯ ಭೇಟಿ, ಪ್ರವಾಸ ಎಲ್ಲವೂ ಆ ಅಂತರಕ್ಕೆ ತಕ್ಕಂತೆ ಬದಲಾಗಿವೆ. ಬೆಕ್ಕಿಗೆ ಹಾಕುವ ಆಹಾರವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕೊಟ್ಟ ಯೂನಿಟ್ಟುಗಳನ್ನೂ ಕಿವಿಯ ತುದಿಯಿಂದ ತೆಗೆದ ರಕ್ತದ ಅಂಕಿಯನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಅಂಕಿ ಹೆಚ್ಚಿದ್ದರೆ ಅವರು ಕೇಳಿಕೊಳ್ಳುವುದು, ಆಹಾರ ಹೆಚ್ಚಾಯಿತೇ, ಚುಚ್ಚುಮದ್ದು ಚರ್ಮದೊಳಕ್ಕೆ ಸರಿಯಾಗಿ ಇಳಿಯಿತೇ, ಸೀಸೆ ಹಳತಾಯಿತೇ, ಬೆಕ್ಕಿಗೆ ಹಲ್ಲಿನ ಸೋಂಕೇನಾದರೂ ಇದೆಯೇ ಎಂಬ ಪ್ರಶ್ನೆಗಳನ್ನು. ಬೆಕ್ಕಿನ ನಾಲಿಗೆಯ ಚಪಲದ ಮಾತು ಅಲ್ಲಿ ಬರುವುದಿಲ್ಲ, ಏಕೆಂದರೆ ತಟ್ಟೆಗೆ ಹಾಕಿದವರು ತಾವೇ ಎಂಬುದು ಅವರಿಗೆ ಗೊತ್ತಿದೆ.

ನಮ್ಮ ಮನೆಯಲ್ಲಿ ಅಪ್ಪನ ತಟ್ಟೆಗೆ ಹಾಕುವವರೂ ಬೇರೆಯವರೇ. ಯುಗಾದಿಗೆ ಹೋಳಿಗೆ, ಗೌರಿ ಹಬ್ಬಕ್ಕೆ ಕಡುಬು, ಮದುವೆ ಮನೆಯಲ್ಲಿ ಎಲೆಯ ತುಂಬ ಬಡಿಸಿ "ಒಂದು ದಿನಕ್ಕೆ ಏನೂ ಆಗಲ್ಲ, ಹಾಕಿಸ್ಕೊಳ್ಳಿ" ಎಂದು ಒತ್ತಾಯಿಸುವವರು, ಮರುದಿನ ಗ್ಲೂಕೋಮೀಟರಿನಲ್ಲಿ 260 ಕಂಡಾಗ "ಬಾಯಿ ಕಟ್ಟೋಕಾಗಲ್ವಾ ನಿಮಗೆ?" ಎಂದು ಗದರಿಸುವವರು, ಇಬ್ಬರೂ ಒಂದೇ ಮನೆಯ ಮಂದಿ. ಮೂರು ಹೊತ್ತೂ ಅನ್ನವೋ ಮುದ್ದೆಯೋ ಇಡ್ಲಿಯೋ ತಟ್ಟೆಯ ಮುಕ್ಕಾಲು ಭಾಗ ತುಂಬಿರುವಾಗ, ಸಕ್ಕರೆ ಹಾಕದ ಕಾಫಿಯನ್ನೇ ಪಥ್ಯವೆಂದು ನಂಬಿ ಕೂರುತ್ತೇವೆ. (ಮುದ್ದೆ ತಿಂದರೆ ಶುಗರ್ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ರಾಗಿ ಒಳ್ಳೆಯದೇ, ಆದರೆ ಎರಡು ದೊಡ್ಡ ಮುದ್ದೆ ಎಂದರೆ ಅದರಲ್ಲಿರುವ ಪಿಷ್ಟವೂ ದೊಡ್ಡದೇ.) ಬೈಗುಳಕ್ಕೆ ಅಂಜಿದ ಹಿರಿಯರು ಮುಚ್ಚಿಡಲು ಕಲಿಯುತ್ತಾರೆ. ಬೇಕರಿಯ ಬನ್ನು ತಿಂದದ್ದನ್ನು ಹೇಳುವುದಿಲ್ಲ. ವೈದ್ಯರ ಬಳಿ ಹೋಗುವ ಹಿಂದಿನ ಎರಡು ದಿನ ಅರೆಹೊಟ್ಟೆಯಲ್ಲಿದ್ದು ಒಳ್ಳೆಯ ಅಂಕಿ ತೋರಿಸುತ್ತಾರೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಬಂದ ಮೇಲೆ ಆ ಉಪಾಯ ನಡೆಯದು, ಆದರೆ ಅದರ ವರದಿ ಬಂದ ದಿನ ಮನೆಯಲ್ಲಿ ಮತ್ತೊಂದು ಸುತ್ತು ವಿಚಾರಣೆ ನಡೆಯುತ್ತದೆ.

ಇದು ಒಂದು ಮನೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ನಮ್ಮವರ ಮೈಕಟ್ಟಿನಲ್ಲಿ ತೂಕ ಹೆಚ್ಚದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಯೂರೋಪಿನವರಿಗಿಂತ ಕಡಿಮೆ ತೂಕದಲ್ಲಿ ಮತ್ತು ಕಡಿಮೆ ವಯಸ್ಸಿನಲ್ಲಿ ಕಾಯಿಲೆ ತಗಲುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಜನರೆಲ್ಲರೂ ಬಾಯಿಚಪಲದವರಾಗಿರಲು ಸಾಧ್ಯವಿಲ್ಲ.

ಹಾಗೆಂದು ಬೆಕ್ಕಿನ ಕ್ರಮವನ್ನು ಹಾಗೆಯೇ ಅಪ್ಪನಿಗೆ ಅನ್ವಯಿಸಬೇಕೆಂದು ನಾನು ಹೇಳಲಾರೆ. ಬೆಕ್ಕು ಪೂರ್ತಿಯಾಗಿ ಯಜಮಾನರ ವಶದಲ್ಲಿದೆ. ಎಪ್ಪತ್ತು ದಾಟಿದ, ಒಂದು ಸಂಸಾರವನ್ನು ನಡೆಸಿದ ಮನುಷ್ಯನ ತಟ್ಟೆಯನ್ನು ತಕ್ಕಡಿಯಲ್ಲಿಟ್ಟು ಬೀಗ ಹಾಕಿದ ಕಪಾಟಿನಿಂದ ಬಿಸ್ಕತ್ತು ಎಣಿಸಿ ಕೊಡುವುದು ಆರೈಕೆಯಲ್ಲ, ಅವಮಾನ. ಇಲ್ಲಿನ ಪದ್ಧತಿಗೆ ಇನ್ನೊಂದು ಮುಖವೂ ಇದೆ: ಪ್ರಾಣಿಗಳ ಚಿಕಿತ್ಸೆಯ ಖರ್ಚು ಯಜಮಾನರದೇ ಆದ್ದರಿಂದ, ದಿನಕ್ಕೆರಡು ಸೂಜಿ ತಮ್ಮಿಂದಾಗದು ಎಂದು ಕಾಯಿಲೆ ಗೊತ್ತಾದ ವಾರವೇ ಪ್ರಾಣಿಯನ್ನು ಶಾಶ್ವತ ನಿದ್ರೆಗೆ ಕಳಿಸುವವರೂ ಇದ್ದಾರೆ. ಬೈದರೂ ಬಿಡದ ನಮ್ಮ ಮನೆಗಳ ಹಟ ಆಗ ದೊಡ್ಡದಾಗಿ ಕಾಣುತ್ತದೆ. ನನಗೆ ಆ ದಂಪತಿಯಿಂದ ಬೇಕಾದದ್ದು ಇಷ್ಟೇ, ಅಂಕಿ ಏರಿದಾಗ ಮೊದಲು ಮನೆಯ ಅಡುಗೆ, ಹೊತ್ತು, ಔಷಧಿಗಳನ್ನು ಪರೀಕ್ಷಿಸುವ ಅಭ್ಯಾಸ. ತಂಗಿಯೂ ನಾನೂ ಈಗ ಫೋನಿನಲ್ಲಿ ಅಪ್ಪನಿಗೆ "ನಿನ್ನೆ ಏನು ತಿಂದ್ರಿ?" ಎಂದು ಕೇಳುವುದನ್ನು ಬಿಟ್ಟು, "ನಿನ್ನೆ ಅಮ್ಮ ಏನು ಮಾಡಿದ್ರು?" ಎಂದು ಕೇಳುತ್ತೇವೆ, ಉತ್ತರ ಮೊದಲಿಗಿಂತ ಉದ್ದವಾಗಿ, ನಿಜವಾಗಿ ಬರುತ್ತದೆ.

ಅಪ್ಪ ಅಮ್ಮ ಇಲ್ಲಿಗೆ ಬರುವವರ ಮನೆಗಳಲ್ಲಿ, ಅದರಲ್ಲೂ ಸಾಕುಪ್ರಾಣಿ ಇರುವ ಮನೆಗಳಲ್ಲಿ, ಕೆಲವು ಎಚ್ಚರಗಳು ಬೇಕೇ ಬೇಕು. ಕೆನಡಾದ ಮೀಟರು ತೋರಿಸುವ 10, ನಮ್ಮೂರಿನ ಲೆಕ್ಕದಲ್ಲಿ 180. ಇಲ್ಲಿನ ಅಂಕಿಯನ್ನು ಹದಿನೆಂಟರಿಂದ ಗುಣಿಸಬೇಕು. ಮನುಷ್ಯರ ಮೀಟರು ನಾಯಿ ಬೆಕ್ಕುಗಳ ರಕ್ತದಲ್ಲಿ ಸಾಮಾನ್ಯವಾಗಿ ಕಡಿಮೆ ಅಂಕಿಯನ್ನೇ ತೋರಿಸುತ್ತದೆ. ಮನೆಯಲ್ಲಿ ಶುಗರ್‌ನವರಿದ್ದಾರೆಂದು ತರಿಸುವ ಸಕ್ಕರೆರಹಿತ ಚ್ಯೂಯಿಂಗ್ ಗಮ್, ಪುದೀನ ಗುಳಿಗೆಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ, ನಮ್ಮ ಇನ್ಸುಲಿನ್ನನ್ನು ಅಷ್ಟಾಗಿ ಏರಿಸದ ಅದು ನಾಯಿಯ ಮೈಯಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಉಕ್ಕಿಸಿ, ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು ತರಬಲ್ಲದು. ಎಲ್ಲಕ್ಕಿಂತ ಅಪಾಯದ್ದು ಸಿರಿಂಜು. ಭಾರತದ ಮೆಡಿಕಲ್ ಸ್ಟೋರುಗಳಲ್ಲಿ ಇನ್ನೂ ಹೇರಳವಾಗಿ ಸಿಗುವುದು ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇಲ್ಲಿ ಮನುಷ್ಯರಿಗೆ ಸಿಗುವುದು 100 ಯೂನಿಟ್ಟಿನದು, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಊರಿಂದ ತಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಲ್ಲಿನ ಇನ್ಸುಲಿನ್ ಎಳೆದರೆ ಒಂದಕ್ಕೆ ಎರಡೂವರೆಯಷ್ಟು ಮದ್ದು ಮೈಗೆ ಹೋಗುತ್ತದೆ. ಇಲ್ಲಿ 40ರ ಲೆಕ್ಕ ಉಳಿದಿರುವುದು ಬಹುಮಟ್ಟಿಗೆ ನಾಯಿ ಬೆಕ್ಕುಗಳ ಇನ್ಸುಲಿನ್ನಿನಲ್ಲಿ, ಆ ಸಿರಿಂಜನ್ನು ಪಶುವೈದ್ಯರಲ್ಲಿಯೇ ಕೇಳಿ ಪಡೆಯಬೇಕು. ಹಾಸನದಲ್ಲಿ ಅದೇ ಸಿರಿಂಜು ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿ ಯಾರಾದರೂ ಸಕ್ಕರೆ ಕಾಯಿಲೆಯ ನಾಯಿಯನ್ನು ಸಾಕುತ್ತಿದ್ದರೆ, ಈ ಒಂದು ವಿಷಯದಲ್ಲಿ ಅನುಕೂಲ ಅವರಿಗೇ ಹೆಚ್ಚು.