ಬರೀ ಎಂಬಿಬಿಎಸ್ಸಾ?

ನಿನ್ನೆ ಸಾಗರದಲ್ಲಿ ಒಂದು ಮದುವೆ. ಅಲ್ಲಿ ಕೇಳಿದ ಒಂದು ಮಾತು ರಾತ್ರಿಯಿಡೀ ಕೊರೆಯುತ್ತಿತ್ತು. ಬರೆದುಬಿಡುತ್ತೇನೆ.

ಊಟದ ಪಂಕ್ತಿಯಲ್ಲಿ ನಮ್ಮ ಡಾಕ್ಟರು ನನ್ನ ಎದುರಿಗೇ ಕೂತಿದ್ದರು. ಯಾರು ಅಂತ ಹೇಳಬೇಕಿಲ್ಲ ಅಲ್ವಾ? ಇದನ್ನು ಓದುವವರಲ್ಲಿ ಅರ್ಧ ಜನರ ಜ್ವರ, ಕೆಮ್ಮು, ಹೊಟ್ಟೆನೋವು ನೋಡಿದವರು ಅವರೇ. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಹುಡುಗ ಕೇಳಿದ, "ಸರ್, ನೀವು ಯಾವುದ್ರಲ್ಲಿ ಸ್ಪೆಷಲಿಸ್ಟು?"

"ಯಾವುದ್ರಲ್ಲೂ ಇಲ್ಲ ಮಾರಾಯ. ಎಂಬಿಬಿಎಸ್."

"ಓ, ಬರೀ ಎಂಬಿಬಿಎಸ್ಸಾ?"

ಡಾಕ್ಟರು ನಕ್ಕು ಸಾರನ್ನ ಕಲಸಿದರು. ನನಗೆ ಆಮೇಲೆ ಊಟ ಸೇರಲಿಲ್ಲ.

ಕೈ ತೊಳೆದು ಹೊರಗೆ ಬಂದರೆ, ಜಗಲಿಯಲ್ಲಿ ಒಬ್ಬ ಅಜ್ಜಿ ಅವರನ್ನೇ ಕಾಯುತ್ತಿದ್ದರು. ಕಾಲು ಊದಿದೆಯಂತೆ. ಡಾಕ್ಟರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಅಜ್ಜಿಯ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದಾಗ ಅಲ್ಲೊಂದು ಗುಳಿ ಹಾಗೇ ಉಳಿದಿತ್ತು. "ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತದಾ? ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?" ಒಂದೇ ದಿಂಬು. "ಮೂತ್ರ ಸರಿಯಾಗಿ ಹೋಗ್ತದಾ?" ಹೋಗುತ್ತದೆ. "ಬಿಪಿ ಗುಳಿಗೆ ಏನಾದ್ರೂ ಬದಲಾಯಿಸಿದ್ರಾ?"

ಹೌದು, ದೀಪಾವಳಿ ಆದ ಮೇಲೆ ಮಗನ ಮನೆಗೆ ಹೋದಾಗ ಬದಲಾಯಿಸಿದ್ದರು. ಆಮ್ಲೋಡಿಪಿನ್ ಅನ್ನುವ ಬಿಪಿ ಗುಳಿಗೆಯಿಂದ ಕೆಲವರಿಗೆ ಕಾಲು ಊದುತ್ತದೆ. ಅದೇ ಇರಬಹುದು ಅಂದರು ಡಾಕ್ಟರು. "ನೀವಾಗೇ ನಿಲ್ಲಿಸ್ಬೇಡಿ. ಸೋಮವಾರ ಕ್ಲಿನಿಕ್ಕಿಗೆ ಬನ್ನಿ. ಮನೇಲಿರೋ ಗುಳಿಗೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ."

ಎರಡು ನಿಮಿಷ. ಹೃದಯ, ಕಿಡ್ನಿ, ಗುಳಿಗೆ ಮೂರನ್ನೂ ಕೇಳಿ ಮುಗಿಸಿದ್ದರು. ಇದಕ್ಕೆ ಬರೀ ಎನ್ನುತ್ತಾರಾ?

ನಮ್ಮ ಕಡೆ ಚಳಿಗಾಲ ಶುರುವಾದರೆ ಜ್ವರ ಅಂತ ಹೋದವರಿಗೆ ಅವರ ಮೊದಲ ಪ್ರಶ್ನೆ, "ಕಾಡಿಗೆ ಹೋಗಿದ್ಯಾ? ದರಗು ತಂದ್ಯಾ? ಆ ಕಡೆ ಮಂಗ ಸತ್ತಿದ್ದು ಕಂಡ್ಯಾ?" ದರಗು ಅಂದರೆ ಕಾಡಿನ ಒಣ ಎಲೆ. ಅವರ ಅನುಮಾನ ಮಂಗನ ಕಾಯಿಲೆಯ ಮೇಲೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆ ಇದು. ಉಣುಗು, ಅಂದರೆ ಉಣ್ಣೆಹುಳ, ಕಚ್ಚಿ ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆಗಳು ಅತ್ತವು, ನಾವೆಲ್ಲ ನೋಡಿದ್ದೇವೆ. ದರಗು ತಂದ್ಯಾ ಅಂತ ಕೇಳಬೇಕು ಅನ್ನುವುದು ಈ ಊರಲ್ಲಿ 40 ವರ್ಷ ಕೂತವರಿಗೆ ತಾನಾಗೇ ಹೊಳೆಯುತ್ತದೆ. ಹೊಸಬರಿಗೆ ಯಾರಾದರೂ ಹೇಳಿಕೊಡಬೇಕು.

ಸ್ಪೆಷಲಿಸ್ಟುಗಳು ಬೇಡವಾ ಅಂತ ಕೇಳುತ್ತೀರಿ. ಬೇಕು. ಸ್ಟೆಂಟ್ ಹಾಕಲು ನಮ್ಮ ಡಾಕ್ಟರಿಗೆ ಬರುವುದಿಲ್ಲ. ಆದರೆ ಯಾವ ಎದೆನೋವನ್ನು ಈ ಕ್ಷಣವೇ 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಓಡಿಸಬೇಕು, ಯಾವುದಕ್ಕೆ ಮನೆಗೆ ಹೋಗಿ ಮಲಗು ಅನ್ನಬೇಕು ಅಂತ ಮೊದಲು ಹೇಳುವವರು ಯಾರು? ಅಷ್ಟಕ್ಕೂ ಫ್ಯಾಮಿಲಿ ಮೆಡಿಸಿನ್ ಅಂತಲೇ ಎಂಬಿಬಿಎಸ್ ಆದ ಮೇಲೆ ಓದುವ ಮೂರು ವರ್ಷದ ಡಿಎನ್‌ಬಿ ಕೋರ್ಸಿದೆ. ಓದಿಯೇ ಕಲಿಯಬೇಕಾದ ವಿದ್ಯೆ ಅದು.

ನಾನೂ ಈ ತಪ್ಪು ಮಾಡಿದವನೇ. ಅಮ್ಮನಿಗೆ ತಲೆ ಸುತ್ತು ಬಂದಾಗ ಇವರನ್ನು ಒಂದು ಮಾತೂ ಕೇಳದೆ ದೊಡ್ಡ ಊರಿಗೆ ಕರೆದುಕೊಂಡು ಹೋದೆ. ತಲೆಯ ಎಂಆರ್‌ಐ ಆಯಿತು, ಕಿವಿಯ ಪರೀಕ್ಷೆ ಆಯಿತು. ತಲೆ ಸುತ್ತು ಹೋಗಲಿಲ್ಲ. ನಾಚಿಕೆಯಿಂದಲೇ ಇವರ ಹತ್ತಿರ ಬಂದೆ. ಅಮ್ಮನನ್ನು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತಾಗ ಬಿಪಿ ತೀರಾ ಇಳಿಯುತ್ತಿತ್ತು. ಗುಳಿಗೆ ಚೀಲ ಸುರಿದರೆ, ಎರಡು ಬೇರೆ ಹೆಸರಿನಲ್ಲಿ ಒಂದೇ ಔಷಧಿ. ಇಬ್ಬರು ಬರೆದದ್ದು. ಅಮ್ಮ ಎರಡನ್ನೂ ನುಂಗುತ್ತಿದ್ದರು. ಡಾಕ್ಟರು ನನಗೊಂದು ಬೈಗುಳವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಂಡ್ಯದ ಡಾ. ಶಂಕರೇಗೌಡರನ್ನು ನಾಡೆಲ್ಲ ಐದು ರೂಪಾಯಿ ಡಾಕ್ಟರ್ ಅಂತ ಪ್ರೀತಿಯಿಂದ ಕರೆಯುತ್ತದೆ. ಚರ್ಮದ ಕಾಯಿಲೆಗಳಲ್ಲಿ ಅವರ ಕೈಗುಣದ ಬಗ್ಗೆ ಎಷ್ಟು ಜನ ಮಾತಾಡುತ್ತಾರೆ? ಫೀಸು ಕಮ್ಮಿ ಅಂತ ಹೊಗಳುತ್ತೇವೆ. ತಿಳಿವಳಿಕೆ ಜಾಸ್ತಿ ಅಂತ ಹೊಗಳುವುದಿಲ್ಲ. ನನ್ನ ಸಿಟ್ಟು ಅದೇ.

ನಮ್ಮ ಡಾಕ್ಟರನ್ನೂ ಹಾಗೇ, ಒಳ್ಳೆ ಮನುಷ್ಯ ಅನ್ನುತ್ತೇವೆ. ಮಾರಿಕಾಂಬಾ ಜಾತ್ರೆಯಲ್ಲಿ ಪ್ರಥಮ ಚಿಕಿತ್ಸೆಗೆ ಕೂರುತ್ತಾರೆ, ಶಾಲೆ ಮಕ್ಕಳ ಕಣ್ಣು ನೋಡುತ್ತಾರೆ, ರಕ್ತದಾನ ಶಿಬಿರ ಅಂದರೆ ಅವರೇ ಮುಂದೆ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತೇವೆ. ಒಳ್ಳೆಯವರು ನಿಜ. ಆದರೆ ಅಜ್ಜಿಯ ಕಾಲಿನ ಬಾವು ಯಾತರದ್ದು ಅಂತ ಗೊತ್ತಾಗಿದ್ದು ಒಳ್ಳೆಯತನದಿಂದಲ್ಲ. ಕಲಿತದ್ದರಿಂದ, ದಿನಾ ನೋಡಿದ್ದರಿಂದ.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ನಮ್ಮ ಮನೆಗಳಲ್ಲಿ ಕೇಳಿದ್ದನ್ನೇ ಹೇಳಿದ. ಸೋಮವಾರ ಅಮ್ಮನ ಬಿಪಿ ತೋರಿಸಲು ನಾನೂ ಕ್ಲಿನಿಕ್ಕಿಗೆ ಹೋಗುವವನಿದ್ದೇನೆ. ಅಜ್ಜಿಗೆ ಬಸ್ಸು ಹತ್ತುವುದು ಕಷ್ಟವಂತೆ, ನಮ್ಮ ಕಾರಿನಲ್ಲೇ ಬನ್ನಿ ಅಂದಿದ್ದೇನೆ. ಗುಳಿಗೆ ಚೀಲ ಮರೀಬೇಡಿ ಅಂತ ಎರಡು ಸಲ ಹೇಳಿ ಬಂದೆ.