ಸ್ಪಷ್ಟನೆ: ಗೋಡೆಯ ತೇವ ಸಿಮೆಂಟ್ ಪ್ಲಾಸ್ಟರಿಗೆ ಹೆದರುವುದಿಲ್ಲ

'ಗೋಡೆ ಬುಡದಲ್ಲಿ ತೇವ ಕಂಡರೆ ಮೂರು ಅಡಿವರೆಗೆ ವಾಟರ್‌ಪ್ರೂಫ್ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಅಲ್ಲಿಗೆ ನಿಂತುಬಿಡುತ್ತದೆ' ಎಂಬ ಸಲಹೆ ದಾವಣಗೆರೆ ಕಡೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಇಟ್ಟಿಗೆ, ಗಾರೆಯ ಸಣ್ಣ ರಂಧ್ರಗಳು ನೀರನ್ನು ಮೇಲಕ್ಕೆ ಹೀರುತ್ತವೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು: 0.01 ಮಿ.ಮೀ. ತ್ರಿಜ್ಯದ ರಂಧ್ರದಲ್ಲಿ ಲೆಕ್ಕಕ್ಕೆ ಸುಮಾರು 1.5 ಮೀಟರ್. ಗೋಡೆಯಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಆವಿಯಾಗುವ ವೇಗ ತೀರ್ಮಾನಿಸುತ್ತದೆ. ಮೂರು ಅಡಿ ಮುಚ್ಚಿದರೆ ಆವಿಗೆ ದಾರಿಯಿಲ್ಲ. ತೇವ ನಾಲ್ಕನೇ ಅಡಿಯಲ್ಲಿ ಉಪ್ಪಿನ ಸಮೇತ ಹೊರಬಂದು ಬಣ್ಣ ಉದುರಿಸುತ್ತದೆ. ಅಂತರ್ಜಲ ಉಕ್ಕಲೇಬೇಕೆಂದಿಲ್ಲ, ಎರೆಮಣ್ಣು ಮಳೆ ನಿಂತ ಮೇಲೂ ಬಹುದಿನ ನೀರು ಹಿಡಿದಿಟ್ಟು ಪಾಯಕ್ಕೆ ಬಿಡುತ್ತಿರುತ್ತದೆ.

ಮೊದಲು ಪರೀಕ್ಷಿಸಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ತೇವ ಗೋಡೆಯದು. ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯದು, ಕಿಟಕಿ ತೆರೆದರೆ ಸಾಕು.

ಗೋಡೆಯದೇ ಆದರೆ ಹೊರಗಿನ ಮಣ್ಣನ್ನು ಡಿಪಿಸಿಗಿಂತ (ತೇವ ಮೇಲೇರದಂತೆ ಗೋಡೆ ಬುಡದಲ್ಲಿ ಹಾಕುವ ತಡೆಪದರ) ಕನಿಷ್ಠ 6 ಇಂಚು ಕೆಳಗಿಳಿಸಿ. ಹಲವು ಮನೆಗಳ ರೋಗ ಇದೇ: ಅಂಗಳ ಎತ್ತರಿಸಿ ಡಿಪಿಸಿಯನ್ನೇ ಹೂತಿರುತ್ತಾರೆ. ಹಾಳಾದ ಪ್ಲಾಸ್ಟರನ್ನು ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಕೆತ್ತಿ, ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯಿರಿ. ತೊಳೆದರೆ ಮತ್ತೆ ಒಳಕ್ಕೇ ಇಳಿಯುತ್ತದೆ. ಗೋಡೆ ಒಣಗಿದ ಮೇಲೆ 1:3 ಸುಣ್ಣ-ಮರಳಿನ ಗಾರೆ, ಮೇಲೆ ಸುಣ್ಣದ ಬಣ್ಣ. ಡಿಪಿಸಿಯೇ ಇಲ್ಲದ ಹಳೆ ಮನೆಗೆ ಬುಡದ ಸಂದಿಯಲ್ಲಿ ರಂಧ್ರ ಕೊರೆದು ನೀರು ತಡೆಯುವ ರಾಸಾಯನಿಕ ತುಂಬಿಸಬೇಕಾದೀತು.